ಪರೀಕ್ಷಕರ ಮುಂದೆ ಮಾತ್ರ ಕಾಲು ನಡುಗುವುದೇಕೆ?

ಪ್ರಶ್ನೆ: ನಾನು ಕಾರವಾರದ ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿನಿ. ಅಪ್ಪನ ನೌಕರಿಯ ಕಾರಣದಿಂದ ಚಿಕ್ಕಂದಿನಲ್ಲಿ ಮುಂಬೈಯಲ್ಲಿದ್ದೆವು. ಬ್ಯಾಲೆ ಕಲಿಯಲು ಶುರು ಮಾಡಿದ್ದು ಅಲ್ಲಿ. ಊರಿಗೆ ಬಂದ ಮೇಲೆ ಶನಿವಾರ, ಭಾನುವಾರ ಮಡಗಾಂವಿಗೆ ಹೋಗಿ ಕಲಿಯುತ್ತಿದ್ದೇನೆ. ಉಳಿದ ದಿನ ಮನೆಯಲ್ಲಿ ಕಪಾಟಿನ ಕನ್ನಡಿಯ ಮುಂದೆ ಅಭ್ಯಾಸ. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡಾನ್ಸ್‌ನ ಐದನೇ ಗ್ರೇಡ್ ಪರೀಕ್ಷೆಯಲ್ಲಿ ಕಳೆದ ಬಾರಿ ನನಗೆ 52 ಅಂಕ ಬಂತು. ಡಿಸ್ಟಿಂಕ್ಷನ್ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಪರೀಕ್ಷಕರನ್ನು ನೋಡಿದ ಕೂಡಲೇ ಕಾಲು ನಡುಗಿತು. ನಡುವೆ ಒಂದು ಕಡೆ ಮುಂದಿನ ಹೆಜ್ಜೆಯೇ ಹೊಳೆಯದೆ ನಿಂತುಬಿಟ್ಟೆ. ಆಮೇಲೆ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಈಗ ಫೆಬ್ರುವರಿಯಲ್ಲಿ ಅದೇ ಸಂಸ್ಥೆಯ ಇಂಟರ್‌ಮೀಡಿಯೆಟ್ ಫೌಂಡೇಶನ್ ಎಂಬ ಬ್ಯಾಲೆ ಪರೀಕ್ಷೆ, ಅದರ ಬೆನ್ನಿಗೇ ಪಿಯುಸಿ. ರಾತ್ರಿ ನಿದ್ದೆ ಬರುವುದಿಲ್ಲ. ಇದರಿಂದ ಏನು ಉಪಯೋಗ ಎಂದು ಚಿಕ್ಕಪ್ಪ ಬಂದಾಗಲೆಲ್ಲ ಕೇಳುತ್ತಾರೆ. ಅಮ್ಮ ಪರೀಕ್ಷೆಯ ದಿನ ಬಾಗಿಲಲ್ಲೇ ನಿಂತಿರುತ್ತಾಳೆ, ಬೇಡ ಎನ್ನಲು ಆಗುವುದಿಲ್ಲ. ಹೆದರಿಕೆ ಪೂರ್ತಿ ಹೋಗಲು ಏನು ಮಾಡಬೇಕು? ಈ ವರ್ಷ ಪರೀಕ್ಷೆ ಬಿಟ್ಟುಬಿಡಲೇ? ಮೈಗಂಟುವ ನೃತ್ಯದ ಉಡುಪು ಲಿಯೊಟಾರ್ಡ್‌ನಲ್ಲಿ ದಪ್ಪ ಕಾಣುತ್ತೇನೆಂದು ರಾತ್ರಿ ಊಟ ಬಿಟ್ಟಿದ್ದೇನೆ. ಮೂರು ತಿಂಗಳಿಂದ ಮುಟ್ಟೂ ಆಗಿಲ್ಲ, ಅದು ಟೆನ್ಶನ್ನಿಗೆ ಇರಬೇಕು.

ಉತ್ತರ: ತಂಗೀ, ಪತ್ರದ ಅತಿ ಮುಖ್ಯ ಮಾತನ್ನು ನೀನು ಕಟ್ಟಕಡೆಗೆ, ಹೋಗುವಾಗ ಬಾಗಿಲಲ್ಲಿ ನಿಂತು ಹೇಳುವ ಹಾಗೆ ಬರೆದಿದ್ದೀಯ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಯಮಿತವಾಗಿ ಆಗುತ್ತಿದ್ದ ಮುಟ್ಟು ಮೂರು ತಿಂಗಳು ನಿಂತಿದೆಯೆಂದರೆ ವೈದ್ಯರನ್ನು ಕಾಣಲೇಬೇಕು. ಟೆನ್ಶನ್ ಕಾರಣವಾಗಿರಬಹುದು, ಥೈರಾಯ್ಡ್ ಆಗಿರಬಹುದು, ಬೇರೆ ಏನಾದರೂ ಇರಬಹುದು. ಅದನ್ನು ರಕ್ತಪರೀಕ್ಷೆ ಹೇಳಬೇಕು, ನೀನೂ ಅಲ್ಲ, ನಾನೂ ಅಲ್ಲ. ಆದರೆ ವಾರವಿಡೀ ಕುಣಿಯುವ ಹುಡುಗಿ ರಾತ್ರಿ ಊಟ ಬಿಟ್ಟಿದ್ದಾಳೆ ಎಂದ ಕೂಡಲೇ ವೈದ್ಯರು ಮೊದಲು ಯೋಚಿಸುವುದು ಇನ್ನೊಂದು ವಿಷಯವನ್ನು. ದೇಹ ಖರ್ಚು ಮಾಡುವಷ್ಟು ಆಹಾರ ಒಳಗೆ ಹೋಗದಿದ್ದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ. ತಕ್ಷಣದ ಜೀವಕ್ಕೆ ಬೇಡವಾದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ, ಮುಟ್ಟು ಅವುಗಳಲ್ಲಿ ಮೊದಲಿನದು. ಕ್ರೀಡಾಪಟುಗಳಲ್ಲಿಯೂ ನರ್ತಕಿಯರಲ್ಲಿಯೂ ಮತ್ತೆ ಮತ್ತೆ ಕಾಣುವ ಈ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಒಂದು ಹೆಸರನ್ನೂ ಕೊಟ್ಟಿತು: ರೆಡ್-ಎಸ್, ಅಂದರೆ ದುಡಿಮೆಗೆ ತಕ್ಕಷ್ಟು ಶಕ್ತಿ ದೇಹಕ್ಕೆ ಸಿಗದ ಸ್ಥಿತಿ. ಇದರಿಂದ ಮೂಳೆ ತೆಳುವಾಗುತ್ತದೆ. ನಿನ್ನದು ಮೂಳೆ ಗಟ್ಟಿಯಾಗುವ ವಯಸ್ಸು, ಮೇಲಾಗಿ ಈ ಹಂತದ ಪರೀಕ್ಷೆಯಲ್ಲಿ ಹುಡುಗಿಯರಿಗೆ ಪಾಯಿಂಟ್ ಶೂ ಹಾಕಿಕೊಂಡು ಬೆರಳ ತುದಿಯ ಮೇಲೆ ನಿಲ್ಲುವ ಭಾಗವೂ ಇದೆ. ಇಡೀ ಮೈಭಾರ ಬೀಳುವ ಪಾದದ ಸಣ್ಣ ಮೂಳೆಗಳಲ್ಲಿ ಕೂದಲೆಳೆಯ ಬಿರುಕು ಬಿಡಲು ಇಷ್ಟು ಸಾಕು.

ಇದು ನಿನ್ನ ಹೆದರಿಕೆಗೂ ಸಂಬಂಧಿಸಿದ ಮಾತು. ಹಸಿದ ದೇಹ ಸರಿಯಾಗಿ ನಿದ್ರಿಸುವುದಿಲ್ಲ, ಸಣ್ಣದಕ್ಕೂ ಬೆಚ್ಚುತ್ತದೆ, ಕೈಕಾಲು ಬೇಗ ನಡುಗುತ್ತದೆ. ನೀನು ಪರೀಕ್ಷೆಯ ಲೆಕ್ಕಕ್ಕೆ ಬರೆದಿರುವ ತಳಮಳದಲ್ಲಿ ಎಷ್ಟು ಪಾಲು ಹಸಿವಿನದು ಎಂಬುದು ರಾತ್ರಿ ಊಟ ಮತ್ತೆ ಶುರುವಾದ ಮೇಲೆಯೇ ತಿಳಿಯುತ್ತದೆ. ಪರೀಕ್ಷಕರ ಅಂಕಪಟ್ಟಿಯಲ್ಲಿ ತೂಕಕ್ಕೆ ಅಂಕವಿಲ್ಲ. ಅನ್ನ, ಸಾರು, ಜೊತೆಗೆ ಮೀನೋ ಮೊಟ್ಟೆಯೋ ಬೇಳೆಯೋ, ಮನೆಯಲ್ಲಿ ಎಲ್ಲರೂ ಉಣ್ಣುವುದನ್ನೇ ಇವತ್ತಿನಿಂದ ನೀನೂ ಉಣ್ಣು. ಉಣ್ಣಬೇಕೆಂದು ಕುಳಿತರೂ ತುತ್ತು ಇಳಿಯುವುದಿಲ್ಲ, ಉಂಡ ಮೇಲೆ ಪಶ್ಚಾತ್ತಾಪ ಕಾಡುತ್ತದೆ ಎಂದಾದರೆ ಅದನ್ನೂ ವೈದ್ಯರಿಗೆ ಹೇಳು. ಕಾರವಾರದಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಸ್ತ್ರೀರೋಗ ವಿಭಾಗದಿಂದ ಶುರು ಮಾಡಿದರೆ ಮನೋವೈದ್ಯರ ಬಳಿ ಕಳುಹಿಸಬೇಕೋ ಬೇಡವೋ ಎಂಬುದನ್ನು ಅವರೇ ಹೇಳುತ್ತಾರೆ. ರಾತ್ರಿ ಹೊತ್ತು ಯಾರೊಡನೆಯಾದರೂ ಮಾತನಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಶುಲ್ಕವಿಲ್ಲ, ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲಿ ಮಾತನಾಡಬಹುದು.

ಇನ್ನು ಪರೀಕ್ಷೆ. ಹೆದರಿಕೆ ಪೂರ್ತಿ ಹೋಗಲು ಏನು ಮಾಡಬೇಕೆಂದು ಕೇಳಿದ್ದೀಯ. ಅದು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಮಕ್ಕಳಿಗೆ 'ಧೈರ್ಯವಾಗಿರು' ಎಂದು ಉಪದೇಶಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಧೈರ್ಯವೆಂಬುದು ಅಂಗಡಿಯಲ್ಲಿ ಸಿಗುವಂಥದ್ದಾಗಿದ್ದರೆ ನೀನು ಯಾವತ್ತೋ ತಂದಿಟ್ಟುಕೊಳ್ಳುತ್ತಿದ್ದೆ. ನಿನಗೆ ಕಡಿಮೆ ಬಿದ್ದಿರುವುದು ಧೈರ್ಯವಲ್ಲ, ಒಂದು ಬಗೆಯ ಅಭ್ಯಾಸ. ಗುರುತಿಲ್ಲದ ಒಬ್ಬರು ಎದುರಿಗೆ ಕುಳಿತು ಏನೋ ಬರೆದುಕೊಳ್ಳುತ್ತಿರುವಾಗ, ಕನ್ನಡಿಯ ನೆರವಿಲ್ಲದೆ, ಒಂದೇ ಸಲಕ್ಕೆ ಮೊದಲಿನಿಂದ ಕೊನೆಯವರೆಗೆ ಮಾಡುವ ಅಭ್ಯಾಸ. ವಾರದಲ್ಲಿ ಐದು ದಿನ ನೀನು ಒಬ್ಬಳೇ, ಕಪಾಟಿನ ಕನ್ನಡಿಯನ್ನು ನೋಡುತ್ತ, ತಪ್ಪಿದಾಗ ಹಾಡನ್ನು ಹಿಂದಕ್ಕೆ ಓಡಿಸಿ ಮತ್ತೆ ಮಾಡುತ್ತಿದ್ದೀಯ. ಪರೀಕ್ಷೆಯಲ್ಲಿ ಈ ಮೂರರಲ್ಲಿ ಒಂದೂ ಇರುವುದಿಲ್ಲ. ಪರೀಕ್ಷಕರು ಸಾಮಾನ್ಯವಾಗಿ ಕನ್ನಡಿಗೆ ಬೆನ್ನು ಹಾಕಿ ಕುಳಿತಿರುತ್ತಾರೆ ಅಥವಾ ಕನ್ನಡಿಗೆ ಪರದೆ ಎಳೆದಿರುತ್ತಾರೆ. ಅಲ್ಲಿಗೆ ಬಂದು ನೀನು ಮಾಡಿದ್ದು ಒಂದರ್ಥದಲ್ಲಿ ಆ ದಿನವೇ ಮೊದಲ ಸಲ ಮಾಡಿದ ಕೆಲಸ. ನಡುಗದಿದ್ದರೆ ಆಶ್ಚರ್ಯಪಡಬೇಕಿತ್ತು.

ಹೆಜ್ಜೆ ಮರೆತದ್ದಕ್ಕೂ ಕಾರಣವಿದೆ, ನಿನ್ನ ನೆನಪಿನ ಶಕ್ತಿ ಕೆಟ್ಟಿಲ್ಲ. ಎಂಟು ಹತ್ತು ವರ್ಷ ಮಾಡಿದ ಚಲನೆಗಳು ಯೋಚನೆಯಿಲ್ಲದೆ ತಾವಾಗಿ ನಡೆಯುತ್ತವೆ. ಯಾರೋ ನೋಡುತ್ತಿದ್ದಾರೆ ಎಂದಾಗ ನಾವು ಅವುಗಳ ಮೇಲೆ ಕಾವಲು ಕೂರುತ್ತೇವೆ: ಸೊಂಟ ಸರಿಯಿದೆಯೇ, ಮೊಣಕಾಲು ನೇರವಾಗಿದೆಯೇ, ಈಗ ಎಡಗಾಲೋ ಬಲಗಾಲೋ. ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆಯನ್ನೂ ಲೆಕ್ಕ ಹಾಕತೊಡಗಿದವನು ಎಡವುವ ಹಾಗೆ, ತಾನಾಗಿ ಹರಿಯುತ್ತಿದ್ದದ್ದು ತುಂಡು ತುಂಡಾಗುತ್ತದೆ. ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 2001ರಲ್ಲಿ ಇದನ್ನು ಗಾಲ್ಫ್ ಚೆಂಡಿನ ಮೂಲಕ ಪರೀಕ್ಷಿಸಿದರು. ಕೆಲವರಿಗೆ ಸುಮ್ಮನೆ ಅಭ್ಯಾಸ ಮಾಡಿಸಿದರು. ಇನ್ನು ಕೆಲವರಿಗೆ, ನಿಮ್ಮನ್ನು ಚಿತ್ರೀಕರಿಸುತ್ತಿದ್ದೇವೆ, ಬಲ್ಲವರು ನೋಡುತ್ತಾರೆ ಎಂದು ಹೇಳಿ ಕ್ಯಾಮೆರಾದ ಮುಂದೆಯೇ ಅಭ್ಯಾಸ ಮಾಡಿಸಿದರು. ಕೊನೆಗೆ ಒತ್ತಡ ಹೇರಿದಾಗ ಮೊದಲಿನವರ ಆಟ ಕೆಟ್ಟಿತು, ಕ್ಯಾಮೆರಾದ ಮುಂದೆ ಕಲಿತವರದು ಕೆಡಲಿಲ್ಲ. ನೋಡಿಸಿಕೊಳ್ಳುವುದೂ ಕಲಿತರೆ ಬರುವ ವಿದ್ಯೆಯೇ.

ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರು ಇಷ್ಟನ್ನು ತಿಳಿಯಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ ಬಿಡು. ಯಕ್ಷಗಾನದಲ್ಲಿ ಹೊಸ ಹುಡುಗನನ್ನು ಯಾವ ಭಾಗವತರೂ ನೇರವಾಗಿ ಅಭಿಮನ್ಯು ಮಾಡಿ ರಂಗಕ್ಕೆ ದೂಡುವುದಿಲ್ಲ. ಪೂರ್ವರಂಗದ ಕೋಡಂಗಿ, ಬಾಲಗೋಪಾಲರ ವೇಷ ಹಿಂದಿನಿಂದಲೂ ಕಲಿಯುವ ಹುಡುಗರ ಪಾಲಿನದು. ಪ್ರೇಕ್ಷಕರು ಇನ್ನೂ ಚಾಪೆ ಹಾಸಿಕೊಳ್ಳುತ್ತಿರುತ್ತಾರೆ, ಅರ್ಧ ಜನ ಚಹಾದ ಅಂಗಡಿಯ ಬಳಿ ಇರುತ್ತಾರೆ. ತಾಳ ತಪ್ಪಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಬಣ್ಣ, ಗೆಜ್ಜೆ, ಚೆಂಡೆ, ದೀಪ, ಎದುರಿಗೆ ಕಣ್ಣುಗಳು ಎಲ್ಲವೂ ಅಸಲಿಯೇ. ಹೀಗೆ ಎಷ್ಟೋ ರಾತ್ರಿ ಕಳೆದ ಮೇಲೆ ದೊಡ್ಡ ವೇಷ ಸಿಗುತ್ತದೆ. ನಿನಗೆ ಈ ಕೋಡಂಗಿ ವೇಷದ ಅವಕಾಶ ಸಿಕ್ಕಿಲ್ಲ, ಅದನ್ನು ನೀನೇ ಮಾಡಿಕೊಳ್ಳಬೇಕು.

ಹೇಗೆಂದರೆ, ವಾರಕ್ಕೊಂದು ಅಣಕು ಪರೀಕ್ಷೆ. ಮನೆಯ ನಡುಕೋಣೆಯ ಕುರ್ಚಿ ಮೇಜು ಸರಿಸು. ಕನ್ನಡಿಗೆ ಬೆಡ್‌ಶೀಟ್ ಹೊದಿಸು. ಪರೀಕ್ಷೆಯ ದಿನದ ಉಡುಪನ್ನೇ ತೊಡು, ಕೂದಲನ್ನು ಹಾಗೆಯೇ ಎತ್ತಿ ಗಂಟು ಹಾಕು, ಎದೆಗೂ ಬೆನ್ನಿಗೂ ಸಂಖ್ಯೆಯ ಚೀಟಿ ಚುಚ್ಚಿಕೊ. ಬಾಗಿಲ ಹೊರಗೆ ಸುಮ್ಮನೆ ಐದು ನಿಮಿಷ ನಿಲ್ಲು, ಏಕೆಂದರೆ ಕಾಯುವ ಆ ಹೊತ್ತೇ ಎಲ್ಲಕ್ಕಿಂತ ಕಷ್ಟದ್ದು, ಅದನ್ನು ಯಾರೂ ಅಭ್ಯಾಸ ಮಾಡುವುದಿಲ್ಲ. ಗಂಟೆ ಬಾರಿಸಿದಾಗ ಒಳಗೆ ಬಾ, ನಮಸ್ಕರಿಸು, ಕಂಬಿ ಹಿಡಿದು ಮಾಡುವ ಬಾರ್‌ನ ಪ್ಲಿಯೇಯಿಂದ (ಮೊಣಕಾಲು ಬಾಗಿಸುವ ಚಲನೆ) ಕೊನೆಯ ವಂದನೆಯಾದ ರೆವರೆನ್ಸ್‌ವರೆಗೆ ನಿಲ್ಲದೆ ಮಾಡು. ಹಾಡನ್ನು ಹಿಂದಕ್ಕೆ ಓಡಿಸುವಂತಿಲ್ಲ. ಒಂದು ಎಚ್ಚರಿಕೆ: ಟೈಲ್ಸ್ ನೆಲದ ಮೇಲೆ ಪಾಯಿಂಟ್ ಶೂ ಬೇಡ, ಜಾರುತ್ತದೆ. ದೊಡ್ಡ ನೆಗೆತಗಳೂ ಬೇಡ, ಗಟ್ಟಿ ನೆಲ ಕಣಕಾಲಿಗೆ ಪೆಟ್ಟು. ಆ ಭಾಗವನ್ನು ಮೆತ್ತನೆಯ ಶೂ ಹಾಕಿಕೊಂಡು, ನೆಗೆಯದೆ, ಹೆಜ್ಜೆಗಳನ್ನು ಸುಮ್ಮನೆ ಸೂಚಿಸುತ್ತ ಹೋದರೆ ಸಾಕು, ಪೂರ್ತಿ ಮಾಡುವುದು ಮಡಗಾಂವಿನ ತರಗತಿಯಲ್ಲಿ.

ಎದುರಿಗೆ ಕುಳಿತುಕೊಳ್ಳಲು ಜನ ಬೇಕಲ್ಲ. ಗೆಳತಿಯರು ಬೇಡ, ಅವರು ಕೈ ತಟ್ಟುತ್ತಾರೆ. ಪಕ್ಕದ ಮನೆಯ ನಿವೃತ್ತ ಅಕ್ಕೋರು ಇದ್ದರೆ ಬಹಳ ಒಳ್ಳೆಯದು. ಕೈಯಲ್ಲಿ ಪೆನ್ಸಿಲ್ಲು, ತೊಡೆಯ ಮೇಲೆ ಕಾಗದ, ಮುಖದಲ್ಲಿ ಯಾವ ಭಾವವೂ ಇರಬಾರದು, ನಡುನಡುವೆ ಏನಾದರೂ ಗೀಚುತ್ತಿರಬೇಕು. ನಿನ್ನ ಚಿಕ್ಕಪ್ಪ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದಾರೆ ಎಂದು ನನಗನ್ನಿಸುತ್ತದೆ. ಒಂದು ಸಲ ಕೂರಿಸಿ ನೋಡು. ಉಪಯೋಗದ ಪ್ರಶ್ನೆಗೆ ನೀನು ಕೊಡಬಹುದಾದ ಉತ್ತರಕ್ಕಿಂತ ಮುಕ್ಕಾಲು ಗಂಟೆ ನಿನ್ನನ್ನು ನೋಡುವುದೇ ಅವರಿಗೆ ಹೆಚ್ಚು ಹೇಳೀತು. ಹೇಳದಿದ್ದರೂ ಚಿಂತೆಯಿಲ್ಲ, ನಗದೆ ಕುಳಿತಿದ್ದರೆ ನಿನ್ನ ಕೆಲಸ ಆಯಿತು. ಯಾರೂ ಸಿಗದ ವಾರ ಮೊಬೈಲನ್ನು ನಿಲ್ಲಿಸಿ ಚಿತ್ರೀಕರಿಸಿ ಗುರುಗಳಿಗೆ ಕಳುಹಿಸು. ಕಳುಹಿಸಲೇಬೇಕು, ಅಳಿಸುವ ಅವಕಾಶವಿದ್ದರೆ ಕ್ಯಾಮೆರಾಕ್ಕೆ ಯಾರೂ ಹೆದರುವುದಿಲ್ಲ.

ಇದನ್ನು ದಿನವೂ ಮಾಡಬೇಡ. ವಾರಕ್ಕೊಮ್ಮೆ ಸಾಕು. ಮೊದಲೆರಡು ಸಲ ಕೆಟ್ಟದಾಗಿಯೇ ಆಗುತ್ತದೆ, ಆಗಲಿ.

ಈಗ ನಿನ್ನ 52ಕ್ಕೆ ಬರುತ್ತೇನೆ. ಆ ಸಂಸ್ಥೆಯ ಪರೀಕ್ಷೆಗಳಲ್ಲಿ ನೂರಕ್ಕೆ 40 ಬಂದರೆ ತೇರ್ಗಡೆ, 55ಕ್ಕೆ ಮೆರಿಟ್, 75ಕ್ಕೆ ಡಿಸ್ಟಿಂಕ್ಷನ್. ಮೆರಿಟ್‌ಗೆ ನಿನಗೆ ಕಡಿಮೆ ಬಿದ್ದದ್ದು ಮೂರು ಅಂಕ. ಅಂಕಗಳನ್ನು ಒಂದೇ ಗಂಟಾಗಿ ಕೊಡುವುದಿಲ್ಲ, ತಂತ್ರಕ್ಕೆ, ಸಂಗೀತದೊಂದಿಗಿನ ಹೊಂದಾಣಿಕೆಗೆ, ಪ್ರಸ್ತುತಿಗೆ ಎಂದು ಬೇರೆ ಬೇರೆಯಾಗಿ ಹಂಚಿರುತ್ತಾರೆ. ಒಂದು ಕಡೆ ಎರಡು ಸೆಕೆಂಡ್ ನಿಂತದ್ದರಿಂದ ಇಡೀ ಪರೀಕ್ಷೆ ಮುಳುಗುವುದಿಲ್ಲ. ನಿನ್ನ ಪತ್ರದಲ್ಲಿಯೇ ಉತ್ತರವಿದೆ: ಆಮೇಲೆ ಮುಗಿಯುವವರೆಗೂ ತಲೆ ಎತ್ತಲಿಲ್ಲ ಎಂದಿದ್ದೀಯ. ದುಬಾರಿಯಾದದ್ದು ಅದು. ತಲೆ ತಗ್ಗಿಸಿದವಳ ಪೋರ್ ದ ಬ್ರಾ, ಅಂದರೆ ತೋಳುಗಳ ಚಲನೆ, ಚಿಕ್ಕದಾಗುತ್ತದೆ, ನೆಗೆತ ಕುಗ್ಗುತ್ತದೆ, ಕಿವಿ ಸಂಗೀತವನ್ನು ಬಿಟ್ಟು ಒಳಗಿನ ಗೊಣಗಾಟವನ್ನು ಕೇಳತೊಡಗುತ್ತದೆ. ಪ್ರಸ್ತುತಿ, ಸಂಗೀತ ಎರಡರಲ್ಲೂ ಅಂಕ ಸೋರಿಹೋಗುವುದು ಹೀಗೆಯೇ. ಗುರುಗಳ ಬಳಿ ಅಂಕಗಳ ವಿವರ ಇರುತ್ತದೆ, ಕೇಳಿ ನೋಡು. ನನ್ನ ಊಹೆ ಎಷ್ಟು ಸರಿ ಎಂದು ಅದು ಹೇಳುತ್ತದೆ.

ಆದ್ದರಿಂದ ಅಣಕು ಪರೀಕ್ಷೆಯಲ್ಲಿ ತಪ್ಪುವುದನ್ನೂ ಅಭ್ಯಾಸ ಮಾಡಬೇಕು. ನಡುವೆ ಯಾವಾಗಲಾದರೂ ಒಮ್ಮೆ ಕೈ ತಟ್ಟಲು ಚಿಕ್ಕಪ್ಪನಿಗೆ ಹೇಳಿಡು. ತಟ್ಟಿದ ಕೂಡಲೇ ನೀನು ನಿಂತು, ಒಂದು ಎಣಿಕೆ ಬಿಟ್ಟು, ಸಂಗೀತ ಎಲ್ಲಿದೆಯೋ ಅಲ್ಲಿಗೆ ಸೇರಿಕೊಳ್ಳಬೇಕು. ಬಿಟ್ಟುಹೋದ ಹೆಜ್ಜೆಗಳನ್ನು ಹಿಡಿಯಲು ಹಿಂದಕ್ಕೆ ಓಡಬಾರದು, ಅವು ಹೋದವು. ಕಣ್ಣು ಮೇಲೆ, ಮುಖ ಎದುರಿಗೆ. ಇದನ್ನು ಕೆಲವು ಸಲ ಮಾಡಿದ ಮೇಲೆ ತಪ್ಪಿಗೆ ನಿನ್ನ ಮೇಲಿದ್ದ ಹಿಡಿತ ಸಡಿಲಾಗುತ್ತದೆ. ಬೆಚ್ಚಿ ನಿಲ್ಲುವ ಬದಲು ದೇಹ ತಾನಾಗಿ ಮುಂದಿನ ತಾಳಕ್ಕೆ ಹಾರುತ್ತದೆ.

ಪರೀಕ್ಷಕರ ಬಗ್ಗೆಯೂ ಒಂದೆರಡು ಮಾತು. ಅವರ ಮುಖದಲ್ಲಿ ಮೆಚ್ಚುಗೆ ಕಾಣದಿರುವುದು ನಿನ್ನ ಬಗೆಗಿನ ಅಭಿಪ್ರಾಯವಲ್ಲ. ತಿದ್ದುವುದು, ಹುರಿದುಂಬಿಸುವುದು, ತಲೆಯಾಡಿಸುವುದು ಅವರ ಕೆಲಸವಲ್ಲ. ಒಬ್ಬಳಿಗೆ ನಕ್ಕು ಇನ್ನೊಬ್ಬಳಿಗೆ ನಗದಿದ್ದರೆ ಅನ್ಯಾಯವಾಗುತ್ತದೆ. ಪೆನ್ನು ಓಡಿತೆಂದರೆ ತಪ್ಪು ಕಂಡಿತು ಎಂದೂ ಅಲ್ಲ, ಒಳ್ಳೆಯದನ್ನೂ ಅದೇ ಪೆನ್ನಿನಲ್ಲಿಯೇ ಬರೆಯಬೇಕು. ನಿನ್ನ ಜೊತೆಗೆ ಇನ್ನೊಬ್ಬರೋ ಮೂವರೋ ಇದ್ದರೆ ಅವರತ್ತ ಕಣ್ಣು ಹಾಯಿಸಬೇಡ. ಪಕ್ಕದವಳ ಹೆಜ್ಜೆ ನೋಡಿ ನಿನ್ನದನ್ನು ಅನುಮಾನಿಸಿದರೆ ಇಬ್ಬರೂ ಕೂಡಿಯೇ ತಪ್ಪುತ್ತೀರಿ.

ಹಾಗಾದರೆ ಮನಸ್ಸನ್ನು ಎಲ್ಲಿಡಬೇಕು? ಅಂಗಾಂಗದ ಮೇಲಲ್ಲ, ಹೊರಗೆ. ಗೇಬ್ರಿಯೆಲ್ ವುಲ್ಫ್ ಎಂಬ ಸಂಶೋಧಕಿ 1998ರಿಂದ ಈಚೆಗೆ ಬಗೆಬಗೆಯ ಚಲನೆಗಳಲ್ಲಿ ಇದನ್ನು ತೋರಿಸುತ್ತ ಬಂದಿದ್ದಾರೆ: ಕಾಲನ್ನು ಹೇಗಿಡಬೇಕೆಂದು ಯೋಚಿಸುವವರಿಗಿಂತ, ಚಲನೆ ಹೊರಗೆ ಏನು ಮಾಡಬೇಕೆಂದು ಯೋಚಿಸುವವರ ಸಮತೋಲ ಹೆಚ್ಚು ಗಟ್ಟಿ. ತೊಡೆ ಬಿಗಿ ಹಿಡಿ ಎನ್ನುವ ಬದಲು 'ನೆಲ ತಳ್ಳು'. ಒಂದು ಕಾಲನ್ನು ಹಿಂದಕ್ಕೆ ಚಾಚಿ ನಿಲ್ಲುವ ಅರಬೆಸ್ಕ್‌ನಲ್ಲಿ ಸೊಂಟದ ಚಿಂತೆ ಬಿಟ್ಟು 'ಎದುರಿನ ಗೋಡೆಯಿಂದ ಹಿಂದಿನ ಗೋಡೆಯವರೆಗೆ ಉದ್ದ'. ಒಂಟಿ ಕಾಲಿನ ಮೇಲೆ ಸುತ್ತುವ ಪಿರುಯೆಟ್‌ನಲ್ಲಿ ಹೇಗೂ ತಲೆ ತಿರುಗಿಸಿ ಕಣ್ಣು ನೆಡುವ ಒಂದು ಗುರುತು ಬೇಕೇ ಬೇಕು, ಆದ್ದರಿಂದ 'ಕಿಟಕಿ, ಕಿಟಕಿ'. ಪ್ರತಿ ಅಭ್ಯಾಸಕ್ಕೆ ಒಂದೇ ಮಾತು. ಹೆಸರುಗಳೆಲ್ಲ ಫ್ರೆಂಚಿನಲ್ಲಿದ್ದರೆ ಇರಲಿ, ಈ ಮಾತು ನಿನ್ನ ಮನೆಮಾತಿನಲ್ಲಿರಲಿ, ಕೊಂಕಣಿಯಾದರೆ ಕೊಂಕಣಿ. ಒಂದು ಸಣ್ಣ ಪುಸ್ತಕದಲ್ಲಿ ಇವನ್ನು ಬರೆದಿಟ್ಟುಕೊ. ತಿದ್ದುವ ದಿನಗಳಲ್ಲಿ ಮೂಳೆ, ಸ್ನಾಯು, ಕೋನ ಎಲ್ಲ ಲೆಕ್ಕ ನಡೆಯಲಿ. ಪರೀಕ್ಷೆಗೆ ಹತ್ತು ದಿನ ಇರುವಾಗ ತಿದ್ದುವ ಅಂಗಡಿ ಮುಚ್ಚಿಬಿಡು, ಆಮೇಲೆ ಈ ಪುಸ್ತಕ ಮಾತ್ರ.

ನಡುಕದ ವಿಷಯ. ಅಡ್ರಿನಲಿನ್ ಏರಿದಾಗ ಸ್ನಾಯುಗಳು ಓಡಲೋ ಹೊಡೆದಾಡಲೋ ಸಿದ್ಧವಾಗುತ್ತವೆ, ನೀನು ಅವುಗಳಿಗೆ ಒಂಟಿ ಕಾಲಿನ ಮೇಲೆ ನಿಧಾನವಾಗಿ ನಿಲ್ಲು ಎನ್ನುತ್ತೀಯ. ನಡುಕ ಅಲೆಗ್ರೋದ ಚುರುಕು ನೆಗೆತಗಳಲ್ಲಿ ಕಾಣದೆ ಬಾರ್‌ನಲ್ಲಿಯೂ ನಿಧಾನ ಚಲನೆಗಳ ಅಡಾಜ್‌ನಲ್ಲಿಯೂ ಕಾಣುವುದು ಇದೇ ಕಾರಣಕ್ಕೆ. ಒಳಗೆ ಹೋಗುವ ಮೊದಲು ಸುಮ್ಮನೆ ಕುಳಿತು ತಣ್ಣಗಾಗಬೇಡ. ಬೆಚ್ಚಗಿನ ಮೇಲಂಗಿ ಹಾಕಿಕೊಂಡು, ಸಣ್ಣ ಸಣ್ಣ ನೆಗೆತ, ಬೆರಳ ಮೇಲೆ ಏರಿಳಿಯುವುದು, ಹೀಗೆ ಒಂದಿಷ್ಟು ಖರ್ಚು ಮಾಡಿಯೇ ಒಳಗೆ ಹೋಗು. ಚಹಾ, ಕಾಫಿ ಆ ಬೆಳಿಗ್ಗೆ ಬೇಡ, ಬರಿಹೊಟ್ಟೆಯಂತೂ ಬೇಡವೇ ಬೇಡ. ಎರಡೂ ನಡುಕವನ್ನು ಹೆಚ್ಚಿಸುತ್ತವೆ. ಎರಡು ಗಂಟೆ ಮೊದಲು ಇಡ್ಲಿಯೋ ಅವಲಕ್ಕಿಯೋ, ಆಮೇಲೆ ಬೇಕೆನಿಸಿದರೆ ಒಂದು ಬಾಳೆಹಣ್ಣು.

'ದೀರ್ಘವಾಗಿ ಉಸಿರೆಳೆದುಕೊ' ಎನ್ನುವುದು ಅರ್ಧ ಸಲಹೆ. ಬಾಯಿ ತೆರೆದು ಜೋರಾಗಿ ಬೇಗ ಬೇಗ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಹೆದರಿಕೆ ಇನ್ನಷ್ಟು ಏರುತ್ತದೆ. ಬೇಕಾದದ್ದು ಉಸಿರು ಬಿಡುವುದರಲ್ಲಿದೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಹೊರಗೆ ಬಿಡುವಾಗ ಹೃದಯದ ಬಡಿತ ತುಸು ಇಳಿಯುತ್ತದೆ. ಇದನ್ನೂ ಇವತ್ತಿನಿಂದಲೇ ದಿನಕ್ಕೆ ಐದು ನಿಮಿಷ ಮಾಡಿದರೆ ಮಾತ್ರ ಆ ದಿನ ಕೈಗೆ ಬರುತ್ತದೆ.

ಇನ್ನೆರಡು ಪ್ರಯೋಗಗಳನ್ನು ಪರೀಕ್ಷೆಯ ಹೊತ್ತಿಗೆ ಎಲ್ಲರೂ ಉಲ್ಲೇಖಿಸುತ್ತಾರೆ. ಜೆರಾರ್ಡೊ ರಾಮಿರೆಜ್ ಮತ್ತು ಇದೇ ಬೈಲಾಕ್ 2011ರಲ್ಲಿ ಪ್ರಕಟಿಸಿದ್ದು: ಪರೀಕ್ಷೆಗೆ ಸ್ವಲ್ಪ ಮೊದಲು ಹತ್ತು ನಿಮಿಷ ತಮ್ಮ ಹೆದರಿಕೆಗಳನ್ನು ಕಾಗದದ ಮೇಲೆ ಬರೆದ ಆತಂಕದ ವಿದ್ಯಾರ್ಥಿಗಳು ಬರೆಯದವರಿಗಿಂತ ಚೆನ್ನಾಗಿ ಮಾಡಿದರು. ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ತೋರಿಸಿದ್ದು: ಹಾಡುವ, ಭಾಷಣ ಮಾಡುವ ಮೊದಲು 'ನಾನು ಶಾಂತವಾಗಿದ್ದೇನೆ' ಎಂದುಕೊಂಡವರಿಗಿಂತ 'ನನಗೆ ಹುರುಪು ಬಂದಿದೆ' ಎಂದುಕೊಂಡವರದು ಮೇಲಾಯಿತು. ನನಗೆ ಮೊದಲನೆಯದರ ಮೇಲೆ ಪಿಯುಸಿಯ ಬರವಣಿಗೆಗೆ ಹೆಚ್ಚು ನಂಬಿಕೆ, ಎರಡನೆಯದರ ಮೇಲೆ ನಿನ್ನ ನೃತ್ಯಕ್ಕೆ. ಹೊಡೆದುಕೊಳ್ಳುವ ಎದೆಯನ್ನು ನಿಲ್ಲಿಸಲು ಹೋದರೆ ಅದೊಂದು ಹೊಸ ಸೋಲು. ಎದೆ ಹೊಡೆದುಕೊಳ್ಳುತ್ತಿದೆ, ಮೈ ಸಜ್ಜಾಗಿದೆ ಎಂದರೆ ಸುಳ್ಳೂ ಅಲ್ಲ. ಇವೆರಡೂ ಎಲ್ಲರಿಗೂ ಒಗ್ಗುವುದಿಲ್ಲ, ಅಣಕು ಪರೀಕ್ಷೆಯಲ್ಲಿ ಪ್ರಯತ್ನಿಸಿ ಸರಿಕಂಡದ್ದನ್ನು ಇಟ್ಟುಕೊ.

ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಹಿರಿಯ ಕಲಾವಿದರು ವೇಷ ಕಟ್ಟುವುದನ್ನು ಎಂದಾದರೂ ಕುಳಿತು ನೋಡು. ಮೊದಲು ಮುಖದ ಬಣ್ಣ, ಆಮೇಲೆ ಉಡುಗೆ, ಗೆಜ್ಜೆ, ತಲೆಗೆ ಮುಂದಲೆ. ದಿನವೂ ಅದೇ ಕ್ರಮ, ಯಾರಿಗೂ ಅವಸರವಿಲ್ಲ. ಕೊನೆಗೆ ಚೌಕಿಯ ಗಣಪತಿಗೆ ಕೈಮುಗಿದು ಹೊರಟರೆ ಮನಸ್ಸು ಬೇರೆ ಕಡೆ ಹೋಗಲು ದಾರಿಯೇ ಇರುವುದಿಲ್ಲ. ನಿನಗೂ ಇಂಥದೊಂದು ಕ್ರಮ ಇರಲಿ: ಕೂದಲು, ಉಡುಪು, ಮೈ ಬಿಸಿ ಮಾಡುವುದು, ಉಸಿರು, ಪುಸ್ತಕದ ಮಾತುಗಳ ಮೇಲೆ ಒಮ್ಮೆ ಕಣ್ಣು, ಬಾಗಿಲು. ಅಣಕು ಪರೀಕ್ಷೆಗೂ ಅದೇ, ಅಸಲಿಗೂ ಅದೇ.

ಎರಡು ಪರೀಕ್ಷೆಗಳ ಹೊಯ್ದಾಟ ನೀನು ಅಂದುಕೊಂಡಷ್ಟು ದೊಡ್ಡದಲ್ಲ. ದ್ವಿತೀಯ ಪಿಯುಸಿಗೆ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವಿದೆ, ಹೆಚ್ಚು ಬಂದ ಅಂಕ ನಿನ್ನದು. ಹಾಗೆಂದು ಮೊದಲನೆಯದನ್ನು ಹಗುರಾಗಿ ತೆಗೆದುಕೋ ಎನ್ನುತ್ತಿಲ್ಲ, ಅದೊಂದೇ ಬಾಗಿಲು ಎಂಬ ಭ್ರಮೆ ಬೇಡ ಎನ್ನುತ್ತಿದ್ದೇನೆ. ನಿನ್ನ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಹಗಲು ಕಲಿತ ಹೆಜ್ಜೆ ಗಟ್ಟಿಯಾಗಿ ಕೂರುವುದು ಆ ನಿದ್ದೆಯಲ್ಲಿಯೇ, ರಸಾಯನಶಾಸ್ತ್ರದ ಸಮೀಕರಣಗಳೂ ಹಾಗೆಯೇ. ರಾತ್ರಿ ಒಂದು ಗಂಟೆಯವರೆಗೆ ಓದಿ ಐದಕ್ಕೆ ಏಳುವ ಸಾಹಸ ಎರಡನ್ನೂ ಕೆಡಿಸುತ್ತದೆ. ಮಡಗಾಂವಿಗೆ ಹೋಗುವಾಗ ರೈಲಿನಲ್ಲಿ ಪುಸ್ತಕ ಹಿಡಿಯುವ ಬದಲು ಕಿವಿಗೆ ಸಂಗೀತ ಹಾಕಿಕೊಂಡು, ಕಣ್ಣು ಮುಚ್ಚಿ, ಪೂರ್ತಿ ಪರೀಕ್ಷೆಯನ್ನು ಅದೇ ವೇಗದಲ್ಲಿ ಮನಸ್ಸಿನಲ್ಲಿ ಮಾಡು. ಮರಳುವಾಗ ಪಠ್ಯಪುಸ್ತಕ ತೆರೆದರಾಯಿತು.

ಪರೀಕ್ಷೆಯ ಹಿಂದಿನ ರಾತ್ರಿ ಮಡಗಾಂವಿನಲ್ಲಿಯೇ ಉಳಿಯಲು ಸಾಧ್ಯವಾದರೆ ಉಳಿ. ಅದೇ ಬೆಳಿಗ್ಗೆ ಕಾಳಿ ಸೇತುವೆ ದಾಟಿ, ಕಾಣಕೋಣ ದಾಟಿ, ಕರಮಲ ಘಾಟಿನ ತಿರುವುಗಳಲ್ಲಿ ಬಸ್ಸಿನಲ್ಲಿ ಹೊರಳಾಡಿ ಇಳಿದರೆ ಹೊಟ್ಟೆ ತೊಳಸುತ್ತಿರುತ್ತದೆ, ಸೊಂಟ ಹಿಡಿದುಕೊಂಡಿರುತ್ತದೆ, ರಸ್ತೆಯ ಮೇಲೆ ಏನಾದರೂ ಅಡ್ಡ ಬಂದರೆ ಅದೊಂದು ಬೇರೆ ಗಾಬರಿ. ಹೊಸ ಪಾಯಿಂಟ್ ಶೂ ಅಂದು ಮೊದಲ ಸಲ ಹಾಕಬೇಡ, ಪಳಗಿದ ಜೋಡಿಯೇ ಇರಲಿ.

ಈ ವರ್ಷ ಬಿಟ್ಟುಬಿಡಲೇ ಎಂದಿದ್ದೀಯ. ಆ ತೀರ್ಮಾನ ಮೊದಲು ವೈದ್ಯರದು. ದೇಹ ಸರಿಹೋಗುವವರೆಗೆ ಪಾಯಿಂಟ್ ಬೇಡ, ಕುಣಿತ ಕಡಿಮೆ ಮಾಡು ಎಂದು ಅವರು ಹೇಳಿದರೆ ಎರಡನೇ ಮಾತಿಲ್ಲದೆ ಮುಂದೂಡು. ಈ ಪರೀಕ್ಷೆ ಇನ್ನೊಮ್ಮೆ ಬರುತ್ತದೆ, ಕೆಟ್ಟ ಮೂಳೆ ಹಾಗೆ ಬರುವುದಿಲ್ಲ. ಅವರು ಸರಿ ಎಂದರೆ, ಹೆದರಿಕೆಯೊಂದೇ ಕಾರಣಕ್ಕೆ ಬಿಡಬೇಡ. ಹೆದರಿ ಒಮ್ಮೆ ಹಿಂದೆ ಸರಿದಾಗ ಸಿಗುವ ನೆಮ್ಮದಿ ಮನಸ್ಸಿಗೆ ಬಹಳ ಬೇಗ ರುಚಿ ಹತ್ತುತ್ತದೆ, ಮುಂದಿನ ವರ್ಷ ಅದೇ ಬಾಗಿಲು ಇನ್ನೂ ದೊಡ್ಡದಾಗಿ ಕಾಣುತ್ತದೆ.

ಕೊನೆಗೆ ಅಮ್ಮ. 'ಬರಬೇಡ' ಎಂದರೆ ಅವರಿಗೆ ನೋವಾಗುತ್ತದೆ, ಆದ್ದರಿಂದ ಹಾಗೆ ಹೇಳಬೇಡ, ಕೆಲಸ ಕೊಡು. ಕೂದಲು ಕಟ್ಟುವುದು, ಪಿನ್ನು, ನೀರಿನ ಬಾಟಲಿ, ಬಾಳೆಹಣ್ಣು ಎಲ್ಲ ಅವರ ಕೈಯಲ್ಲಿರಲಿ. ಮೈ ಬಿಸಿ ಮಾಡಿಕೊಳ್ಳಲು ಶುರು ಮಾಡಿದ ಕೂಡಲೇ ಅವರು ಮಾರುಕಟ್ಟೆಯ ಕಡೆಗೆ ಹೊರಟುಬಿಡಬೇಕು. ಮಡಗಾಂವಿನ ಪೇಟೆಯಲ್ಲಿ ಒಂದು ಗಂಟೆ ಕಳೆಯುವುದು ಯಾವ ಕಾರವಾರದವರಿಗೂ ಕಷ್ಟವಲ್ಲ. ಇದನ್ನು ಹಿಂದಿನ ವಾರವೇ ಮಾತನಾಡಿ ಒಪ್ಪಿಸಿಕೊ. ಇನ್ನೊಂದು ಕರಾರನ್ನೂ ಸೇರಿಸು: ಹೊರಗೆ ಬಂದಾಗ 'ಹೇಗಾಯಿತು?' ಎಂದು ಕೇಳುವಂತಿಲ್ಲ, ಮೊದಲು ಊಟ. ಫಲಿತಾಂಶ ಬರಲು ಹೇಗೂ ವಾರಗಟ್ಟಲೆ ಹಿಡಿಯುತ್ತದೆ. ನೀನಾಗಿ ಮಾತೆತ್ತಿದರೆ ಸರಿ, ಕಾರವಾರ ತಲುಪುವವರೆಗೂ ಎತ್ತದಿದ್ದರೂ ಸರಿ.